ಕಾರು ಹೊರಗೆ, ಅಜ್ಜಿ ಒಳಗೆ

ಎಸ್ಟಿಮೇಟು ಬರೆದದ್ದು ಒಂದು ಕಂಕೋತ್ರಿಯ ಹಿಂಬದಿಯಲ್ಲಿ. ಗುಜರಾತಿನಲ್ಲಿ ಮದುವೆಯ ಕರೆಯೋಲೆಗೆ ಕಂಕೋತ್ರಿ ಎನ್ನುತ್ತಾರೆ. ದಪ್ಪ ಕಾಗದ, ಬೆನ್ನು ಖಾಲಿ, ಲೆಕ್ಕ ಬರೆಯಲು ಹೇಳಿ ಮಾಡಿಸಿದ್ದು. ಮೇಸ್ತ್ರಿ ಅದನ್ನು ಕಾರಿನ ಬಾನೆಟ್ ಮೇಲಿಟ್ಟು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಗುಜರಾತಿ ಅಂಕಿಗಳಲ್ಲಿ ಒಂದರ ಕೆಳಗೊಂದು ಸಾಲು ಹಾಕಿದ. ಯಾವ ಕಾರಿನ ಮೇಲಿಟ್ಟು ಬರೆದನೋ ಅದೇ ಕಾರನ್ನು ಮನೆಯಿಂದ ಹೊರಹಾಕುವ ಲೆಕ್ಕ ಅದು.

ಮನೆ ಅಹಮದಾಬಾದಿನ ಪಶ್ಚಿಮಕ್ಕೆ, ಘಾಟ್ಲೋಡಿಯಾದಲ್ಲಿ. ಮನೆಯವರು ಧಾರವಾಡದ ಕಡೆಯವರು, ನೌಕರಿಗೆಂದು ಬಂದು ನಾಲ್ಕು ದಶಕ ಇಲ್ಲೇ ಕಳೆದು, ಈಗ ನಿವೃತ್ತರು. ಊರಿನಲ್ಲಿ ಒಬ್ಬರೇ ಇದ್ದ 84ರ ತಾಯಿಯನ್ನು ಕರೆದುಕೊಂಡು ಬಂದಿದ್ದಾರೆ. ಅಜ್ಜಿಗೆ ಮೊಣಕಾಲು ನೋವು. ಮಲಗುವ ಕೋಣೆಗಳೆಲ್ಲ ಮೇಲೆ, ನಡುವೆ 17 ಮೆಟ್ಟಿಲು. ಮನೆಯಾಕೆ ನನ್ನ ಮುಂದೆ ವಾದವನ್ನು ಎರಡೇ ಮಾತಿನಲ್ಲಿ ಮುಗಿಸಿದರು: “ಅತ್ತಿಯವ್ರಿಗೆ ಮ್ಯಾಲ ಹತ್ಲಿಕ್ಕೆ ಆಗೂದಿಲ್ಲ. ಕಾರು ನೋಡಿದ್ರ ಕೆಳಗ ಆರಾಮ ಮಲ್ಕೊಂಡದ. ಇದ್ಯಾವ ನ್ಯಾಯರೀ?”

ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಅವರದು ಟೆನಮೆಂಟು. ಅಹಮದಾಬಾದಿನಲ್ಲಿ ‘ಟೆನಮೆಂಟ್’ ಎಂದರೆ ನಾವು ಊಹಿಸುವ ವಠಾರವಲ್ಲ. ಸಹಕಾರಿ ಸೊಸೈಟಿಯೊಳಗೆ ಸಾಲಾಗಿ ಕಟ್ಟಿದ, ಕೆಳಗೊಂದು ಮೇಲೊಂದು ಅಂತಸ್ತಿನ ಸ್ವಂತ ಮನೆ. ಕೆಳಗೆ ಹಾಲು, ಅಡುಗೆಮನೆ, ಮುಂದೊಂದು ಓಟ್ಲೋ, ಅಂದರೆ ನಮ್ಮ ಜಗಲಿ, ಪಕ್ಕಕ್ಕೆ ಗ್ಯಾರೇಜು. ಇಂಥ ಸೊಸೈಟಿಗಳಲ್ಲಿ ಸುತ್ತಾಡಿ ನೋಡಿದರೆ ಬೇಕಾದಷ್ಟು ಶಟರುಗಳು ವರ್ಷಗಳಿಂದ ಎದ್ದೇ ಇಲ್ಲ. ಒಂದರ ಹಿಂದೆ ಟ್ಯೂಷನ್ ಕ್ಲಾಸು, ಇನ್ನೊಂದರ ಹಿಂದೆ ಬ್ಯೂಟಿ ಪಾರ್ಲರು, ಮತ್ತೊಂದರ ಹಿಂದೆ ಮದುವೆಯಾದ ಮಗ. ಕಾರುಗಳು ಮಾತ್ರ ಬೂದು ಬಣ್ಣದ ಹೊದಿಕೆ ಹೊದ್ದು ಬೇವಿನ ಮರದ ಕೆಳಗೆ ನಿಂತಿರುತ್ತವೆ.

ಮೇಸ್ತ್ರಿಯ ಲೆಕ್ಕಕ್ಕೆ ಬರೋಣ. ಗ್ಯಾರೇಜಿನ ಅಳತೆ 10 ಅಡಿಗೆ 18 ಅಡಿ, ಒಟ್ಟು 180 ಚದರ ಅಡಿ. ಶಟರ್ ಕಿತ್ತು ಇಟ್ಟಿಗೆ ಗೋಡೆ ಎಬ್ಬಿಸಲು 38,000 ರೂಪಾಯಿ. ಅಲ್ಯೂಮಿನಿಯಂ ಕಿಟಕಿ ಮತ್ತು ಗ್ರಿಲ್ಲಿಗೆ 22,000. ನೆಲವನ್ನು ಹಾಲಿನ ಮಟ್ಟಕ್ಕೆ ತುಂಬಿಸಿ ಕಾಂಕ್ರೀಟು ಹಾಕಲು 30,000. ಮೇಲೆ ಟೈಲ್ಸು, ಅಡಿಗೆ 110ರಂತೆ 19,800. ಗಿಲಾವು, ಪುಟ್ಟಿ, ಬಣ್ಣಕ್ಕೆ 32,000. ಜಿಪ್ಸಂ ಸೀಲಿಂಗಿಗೆ ಅಡಿಗೆ 95ರಂತೆ 17,100. ವೈರಿಂಗು 28,000. ಹಾಲಿನ ಗೋಡೆ ಒಡೆದು ಬಾಗಿಲು ಕೂರಿಸಲು 24,000. ಅಜ್ಜಿಗೆ ಬಾತ್‌ರೂಮು ಒಳಗೇ ಬೇಕು: 1,15,000. ಅಹಮದಾಬಾದಿನ ಮೇ ತಿಂಗಳಿಗೆ ಎಸಿ ಇಲ್ಲದೆ ಆಗದು: 42,000. ಕೆಳಗೊಂದು ಗೆರೆ ಎಳೆದು ಬರೆದ: 3,67,900.

ನಾಲ್ಕು ಲಕ್ಷದೊಳಗೆ ಒಂದು ಕೋಣೆ ಎಂದರೆ ಅಗ್ಗವೇ ಎನ್ನಿಸುತ್ತದೆ. ಆದರೆ 180ರಿಂದ ಭಾಗಿಸಿ ನೋಡಿ, ಚದರ ಅಡಿಗೆ 2,044 ರೂಪಾಯಿ ಬೀಳುತ್ತದೆ. ಹೆಚ್ಚುಕಡಿಮೆ ಹೊಸ ಮನೆ ಕಟ್ಟುವ ದರ ಅದು. ಪಾಯ, ಕಂಬ, ಮೇಲಿನ ಸ್ಲ್ಯಾಬು, ಉಳಿದ ಗೋಡೆ ಎಲ್ಲ ಮೊದಲೇ ಇದ್ದರೂ ದರ ಇಳಿಯದು ಯಾಕೆ? ಮನೆ ಕಟ್ಟುವಾಗ ಅಗ್ಗದ ಜಾಗ, ತುಟ್ಟಿ ಜಾಗ ಎಂದು ಎರಡಿರುತ್ತವೆ. ನಾಲ್ಕು ಗೋಡೆಯ ಖಾಲಿ ಹಾಲು ಅಗ್ಗ. ನೀರು, ಚರಂಡಿ, ಟೈಲ್ಸು, ನಲ್ಲಿ ಬಂದಲ್ಲೆಲ್ಲ ತುಟ್ಟಿ. ದೊಡ್ಡ ಮನೆಯಲ್ಲಿ ತುಟ್ಟಿ ಜಾಗದ ಖರ್ಚು ಅಗ್ಗದ ಜಾಗದಲ್ಲಿ ಹಂಚಿಹೋಗುತ್ತದೆ. ಗ್ಯಾರೇಜಿನಲ್ಲಿ ಹಂಚಿಕೊಳ್ಳಲು ಜಾಗವೇ ಇಲ್ಲ. ಈ ಎಸ್ಟಿಮೇಟಿನಲ್ಲೂ ಮೂರನೇ ಒಂದು ಪಾಲಿನಷ್ಟು ದುಡ್ಡು ಬರೀ ಬಾತ್‌ರೂಮಿನದು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆಯಲ್ಲ ಎಂದು ನಾನು ಸಮಾಧಾನ ಹೇಳಲು ಹೋದೆ. ಮೇಸ್ತ್ರಿ ನಕ್ಕ. ಇಡೀ ಕೆಲಸಕ್ಕೆ 40 ಚೀಲ ಸಿಮೆಂಟು. ಚೀಲಕ್ಕೆ ಇಪ್ಪತ್ತೈದು, ಮೂವತ್ತು ರೂಪಾಯಿ ಉಳಿದರೆ ಒಟ್ಟು ಸಾವಿರದ ಆಸುಪಾಸು. “ಚಹಾ ಖರ್ಚು, ಸಾಹೇಬ್” ಎಂದ.

ಆಮೇಲೆ ಅವನು ಟೇಪು ಬಿಚ್ಚಿ ಎತ್ತರ ಅಳೆದ. “ಸಾಡಾ ಆಠ್.” ಎಂಟೂವರೆ ಅಡಿ. ಅಲ್ಲಿಂದ ಲೆಕ್ಕ ಕೆಡಲು ಶುರುವಾಯಿತು.

ಹಾಲಿನ ಎತ್ತರ ಹತ್ತಡಿ ಇದ್ದರೂ ಗ್ಯಾರೇಜಿನದು ಎಂಟೂವರೆ ಯಾಕೆಂದರೆ, ಕಾರಿಗೆ ಅಷ್ಟು ಸಾಕು ಎಂದು ಅದರ ಸ್ಲ್ಯಾಬನ್ನು ಕೆಳಗೇ ಹಾಕಿ, ಮೇಲೆ ಮೆಟ್ಟಿಲಿನ ನಡುಹಂತದಲ್ಲಿ ಒಂದು ಪುಟ್ಟ ಉಗ್ರಾಣ ಮಾಡಿದ್ದಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೀಗೆಯೇ ಭೇದ ಮಾಡುತ್ತದೆ: ಗ್ಯಾರೇಜಿಗೆ 2.4 ಮೀಟರ್ ಎತ್ತರ ಸಾಕು, ಮನುಷ್ಯರು ವಾಸಿಸುವ ಕೋಣೆಗೆ ಕನಿಷ್ಠ 2.75 ಮೀಟರ್, ಅಂದರೆ ಒಂಬತ್ತು ಅಡಿ ಬೇಕು. ಈಗ ನೋಡಿ ಪೇಚು. ಗ್ಯಾರೇಜಿನ ನೆಲ ಹಾಲಿಗಿಂತ ಮೂರು ಮೆಟ್ಟಿಲು, ಅಂದರೆ ಒಂದೂವರೆ ಅಡಿ ಕೆಳಗಿದೆ. ಹಾಲಿನ ಮಟ್ಟಕ್ಕೆ ತುಂಬಿಸಿದರೆ ತಲೆಯ ಮೇಲೆ ಉಳಿಯುವುದು ಏಳೇ ಅಡಿ. ಅದರಲ್ಲಿ ಸೀಲಿಂಗು ಮತ್ತೆ ನಾಲ್ಕು ಇಂಚು ನುಂಗುತ್ತದೆ. ಫ್ಯಾನು ಹಾಕುವಂತಿಲ್ಲ, ಸೀರೆ ಮಡಚಲು ಕೈ ಎತ್ತಿದರೆ ಬೆರಳು ಹೋದಾವು. ಅರ್ಧ ಅಡಿ ಮಾತ್ರ ತುಂಬಿಸಿದರೆ ಎಂಟು ಅಡಿ ಉಳಿಯುತ್ತದೆ ನಿಜ, ಆದರೆ ಹಾಲಿಗೂ ಕೋಣೆಗೂ ನಡುವೆ ಎರಡು ಮೆಟ್ಟಿಲು ನಿಲ್ಲುತ್ತವೆ. ಮೆಟ್ಟಿಲು ಹತ್ತಲಾಗದವರಿಗೆಂದು ಕಟ್ಟುವ ಕೋಣೆ ಅದು!

ಚರಂಡಿಯದು ಇನ್ನೊಂದು ತಾಪತ್ರಯ. ಮನೆಯ ಚೇಂಬರು ಹಿತ್ತಲಿನಲ್ಲಿ, ಗ್ಯಾರೇಜು ಮುಂದೆ. ಹೊಸ ಬಾತ್‌ರೂಮಿನ ಪೈಪು ಅಷ್ಟು ದೂರ ಇಳಿಜಾರಾಗಿ ಹೋಗಿ ಚೇಂಬರಿಗೆ ಬೀಳಬೇಕಾದರೆ ಬಾತ್‌ರೂಮಿನ ನೆಲ ಕೋಣೆಗಿಂತ ಮುಕ್ಕಾಲು ಅಡಿ ಮೇಲಿರಬೇಕು. ಮತ್ತೊಂದು ಮೆಟ್ಟಿಲು. ಇಪ್ಪತ್ತು ವರ್ಷ ಕಾರು ನಿಂತು ಆಯಿಲ್ ಕುಡಿದ ನೆಲಕ್ಕೆ ಟೈಲ್ಸು ನೆಟ್ಟಗೆ ಕೂರುವುದಿಲ್ಲ, ಮೇಲ್ಪದರ ಕೆತ್ತಬೇಕು. ಮೂಲೆಯಲ್ಲಿ ಉಧಈ, ಅಂದರೆ ಗೆದ್ದಲು, ಸಣ್ಣಗೆ ಮಣ್ಣಿನ ದಾರಿ ಹಾಕಿದೆ, ಅದಕ್ಕೆ ಔಷಧಿ. ಇವು ಯಾವುವೂ ಕಂಕೋತ್ರಿಯಲ್ಲಿ ಇರಲಿಲ್ಲ.

ನೆಲ ತಗ್ಗಿನಲ್ಲಿದ್ದರೆ ಏನಾಗುತ್ತದೆ ಎನ್ನುವುದನ್ನು ನಾನು ವಡೋದರಾದಲ್ಲಿ ಕಂಡಿದ್ದೇನೆ. 2024ರ ಆಗಸ್ಟ್ ಕೊನೆಯ ವಾರದ ಮಳೆಗೆ ವಿಶ್ವಾಮಿತ್ರಿ ನದಿ 25 ಅಡಿಯ ಅಪಾಯ ಮಟ್ಟ ದಾಟಿ 35 ಅಡಿಗೂ ಮೇಲೇರಿತು. ಬೀದಿಗೆ ಮೊಸಳೆ ಬಂದದ್ದು ಎಲ್ಲರ ಫೋನಿನಲ್ಲೂ ಓಡಾಡಿತು. ನೀರಿಳಿದ ಮೇಲೆ ಪರಿಚಿತರೊಬ್ಬರ ಮನೆಗೆ ಹೋದೆ. ಅವರೂ ಗ್ಯಾರೇಜನ್ನು ಮಗನ ಓದುವ ಕೋಣೆ ಮಾಡಿಕೊಂಡಿದ್ದರು. ಹಾಲಿಗೂ ಆ ಕೋಣೆಗೂ ನಡುವಿನ ಬಾಗಿಲಲ್ಲಿ ನಿಂತರೆ ಗೋಡೆಯ ಎರಡೂ ಬದಿಗೆ ಕೆಸರಿನ ಗೆರೆ ಕಾಣುತ್ತಿತ್ತು. ಹಾಲಿನ ಕಡೆ ಮೊಣಕಾಲಿನವರೆಗೆ, ಕೋಣೆಯ ಕಡೆ ಸೊಂಟದ ಮೇಲಕ್ಕೆ. ಬಂದ ನೀರು ಒಂದೇ. ಬೇರೆ ಇದ್ದದ್ದು ನೆಲ. ಹಾಲಿನ ಸೋಫಾ ಬಿಸಿಲಿಗೆ ಒಣಗಿ ಬದುಕಿತು, ಕೋಣೆಯ ಪ್ಲೈವುಡ್ ಮಂಚ ಒದ್ದೆ ರೊಟ್ಟಿಯಂತೆ ಉಬ್ಬಿ ಪದರಪದರವಾಗಿ ಬಿಚ್ಚಿಕೊಂಡಿತ್ತು. ಕಾರು ನಿಲ್ಲುವ ಜಾಗ ರಸ್ತೆಯ ಮಟ್ಟಕ್ಕಿರುವುದು ಕಾರಿಗೆ ಅನುಕೂಲವೆಂದಷ್ಟೇ ಅಲ್ಲ. ಮಳೆಗಾಲದಲ್ಲಿ ನೀರು ಬಂದು ಹೋಗುವ ಜಾಗವೂ ಅದೇ. ಸೂರತ್ತಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 2006ರ ಆಗಸ್ಟಿನಲ್ಲಿ ಉಕಾಯಿ ಜಲಾಶಯದಿಂದ ಬಿಟ್ಟ ನೀರಿಗೆ ತಾಪಿ ಉಕ್ಕಿ ನಗರದ ಬಹುಭಾಗ ಮುಳುಗಿದ್ದಾಗ ನೆಲಮಹಡಿಯಲ್ಲಿದ್ದವರು ದಿನಗಟ್ಟಲೆ ಮೇಲಿನವರ ಮನೆಯಲ್ಲಿ ಉಂಡು ಮಲಗಿದ್ದರು.

ಈವರೆಗೆ ಹೇಳಿದ್ದು ಸ್ವಂತ ಟೆನಮೆಂಟಿನ ಗ್ಯಾರೇಜಿನ ಕತೆ. ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿಗೆ ಗೋಡೆ ಕಟ್ಟುವುದು ಬೇರೆಯೇ ಮಾತು. ಅದು ಖರ್ಚಿಗಿಂತ ಮೊದಲು ಪ್ರಾಣದ ಪ್ರಶ್ನೆ.

2001ರ ಜನವರಿ 26, ಬೆಳಿಗ್ಗೆ 8 ಗಂಟೆ 46 ನಿಮಿಷ. ಶಾಲೆಗಳಲ್ಲಿ ಧ್ವಜ ಹಾರಿಸುವ ಹೊತ್ತು. ಭುಜ್ ಭೂಕಂಪದ ಕೇಂದ್ರ ಅಹಮದಾಬಾದಿನಿಂದ 200 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ಅಷ್ಟು ದೂರದ ನಗರದಲ್ಲಿ ಸುಮಾರು 70 ಬಹುಮಹಡಿ ಕಟ್ಟಡಗಳು ಕುಸಿದು 750ರಷ್ಟು ಜನ ಸತ್ತರು. ಹಳೆಯ ಪೋಳ್‌ಗಳ, ಅಂದರೆ ಹಳೇ ನಗರದ ಕೇರಿಗಳ, ಮರದ ಮನೆಗಳು ಬಹುಪಾಲು ನಿಂತವು. ಬಿದ್ದದ್ದು ಹೊಸ ಬಡಾವಣೆಗಳ ಕಾಂಕ್ರೀಟು ಕಟ್ಟಡಗಳು. ಇಂಜಿನಿಯರುಗಳು ಬಂದು ನೋಡಿದಾಗ ಬಿದ್ದವುಗಳ ಒಂದು ಹೋಲಿಕೆ ಕಣ್ಣಿಗೆ ಹೊಡೆಯಿತು. ಹೆಚ್ಚಿನವು ನಾಲ್ಕು ಅಥವಾ ಹತ್ತು ಅಂತಸ್ತಿನವು, ಕೆಳಗೆ ಪಾರ್ಕಿಂಗಿಗೆಂದು ಬರೀ ಕಂಬಗಳ ಮೇಲೆ ನಿಂತವು.

ಗುಜರಾತಿನಲ್ಲಿ ಈ ಕಂಬಗಳ ಅಂತಸ್ತಿಗೆ ‘ಹಾಲೋ ಪ್ಲಿಂಥ್’ ಎಂದು ಹೆಸರು. ಬೆಂಗಳೂರಿನವರು ಸ್ಟಿಲ್ಟ್ ಎನ್ನುವುದೇ ಇದು. ನಮ್ಮ ಹೊಲದ ಅಟ್ಟಣಿಗೆ ನೆನಪಿಸಿಕೊಳ್ಳಿ. ನಾಲ್ಕು ಗಳದ ಮೇಲೆ ಕಾವಲುಗಾರ ಕೂರುವ ಮಾಳಿಗೆ. ಮೇಲೆ ಒಬ್ಬ ಕೂತರೆ ಸರಿ, ಹತ್ತು ಮೂಟೆ ಜೋಳ ಪೇರಿಸಿ ಯಾರಾದರೂ ಅಲುಗಾಡಿಸಿದರೆ ಮಾಳಿಗೆ ಮುರಿಯುವುದಿಲ್ಲ, ಗಳ ಮುರಿಯುತ್ತದೆ. ಮೇಲಿನ ಅಂತಸ್ತುಗಳಲ್ಲಿ ಕಂಬದ ನಡುವೆ ಇಟ್ಟಿಗೆ ಗೋಡೆಗಳಿರುವುದರಿಂದ ಅವು ಪೆಟ್ಟಿಗೆಯಂತೆ ಬಿಗಿಯಾಗಿರುತ್ತವೆ. ಭೂಮಿ ನಡುಗಿದಾಗ ಬಾಗುವುದೆಲ್ಲ ಕೆಳಗಿನ ಬರಿ ಕಂಬಗಳ ಪಾಲು. ಸಬರಮತಿಯ ಮೆಕ್ಕಲು ಮಣ್ಣು ಆ ಅಲುಗಾಟವನ್ನು ಇನ್ನಷ್ಟು ಹೆಚ್ಚಿಸಿತು. ಮರುವರ್ಷ, 2002ರಲ್ಲಿ ಪರಿಷ್ಕರಿಸಿದ ಐಎಸ್ 1893 ಎಂಬ ಭೂಕಂಪ ಸಂಹಿತೆ, ಇಂಥ ಮೆದು ಅಂತಸ್ತಿನ ಕಂಬ ತೊಲೆಗಳನ್ನು ಲೆಕ್ಕಕ್ಕೆ ಬಂದ ಬಲದ ಎರಡೂವರೆ ಪಟ್ಟು ತಾಳುವಂತೆ ಕಟ್ಟಬೇಕೆಂದು ಹೇಳಿತು. ಅದಕ್ಕೂ ಮೊದಲು ಕಟ್ಟಿದ ಅಪಾರ್ಟ್‌ಮೆಂಟುಗಳು ಅಹಮದಾಬಾದ್, ವಡೋದರಾ, ಸೂರತ್ ಮೂರರಲ್ಲೂ ಲೆಕ್ಕವಿಲ್ಲದಷ್ಟಿವೆ.

ಇಲ್ಲಿ ಒಬ್ಬ ಜಾಣ ಕೇಳಬಹುದು: ಬರಿ ಕಂಬವೇ ದೋಷವಾದರೆ ಗೋಡೆ ಕಟ್ಟಿದರೆ ಒಳ್ಳೆಯದೇ ಅಲ್ಲವೇ? ಅರ್ಧ ನಿಜ. ಇಡೀ ಅಂತಸ್ತಿಗೆ ಎರಡೂ ದಿಕ್ಕಿನಲ್ಲಿ ಸಮನಾಗಿ, ಇಂಜಿನಿಯರು ಹೇಳಿದಲ್ಲಿ ಗೋಡೆ ಎಬ್ಬಿಸಿದರೆ ಕಟ್ಟಡ ಬಲವಾಗುತ್ತದೆ. ಆದರೆ ಪಾರ್ಕಿಂಗನ್ನು ಕೋಣೆ ಮಾಡುವವರು ಹಾಗೆ ಮಾಡುವುದಿಲ್ಲ. ಒಂದು ಮೂಲೆಯ ಒಂದು ಅಂಕಣಕ್ಕೆ ಮಾತ್ರ ಗೋಡೆ ಬರುತ್ತದೆ. ಆಗ ಕಟ್ಟಡದ ಒಂದು ಕಾಲು ಬಿಗಿ, ಉಳಿದವು ಸಡಿಲ. ಅಲುಗಾಡಿದರೆ ಆ ಬಿಗಿ ಮೂಲೆಯ ಸುತ್ತ ಕಟ್ಟಡ ತಿರುಚುತ್ತದೆ, ದೂರದ ಕಂಬಗಳಿಗೆ ಹೆಚ್ಚು ಪೆಟ್ಟು. ಗೋಡೆಯನ್ನು ಅರ್ಧ ಎಬ್ಬಿಸಿ ಮೇಲೆ ಉದ್ದಕ್ಕೂ ಕಿಟಕಿ ಬಿಟ್ಟರೆ ಇನ್ನೂ ಕೆಟ್ಟದ್ದು. ಕಂಬದ ಬಾಗುವ ಭಾಗ ಗಿಡ್ಡವಾಗಿ, ಎಲ್ಲ ಬಲ ಆ ಗಿಡ್ಡ ತುಂಡಿನ ಮೇಲೆ ಬೀಳುತ್ತದೆ. ಜೊತೆಗೆ ವೈರಿಂಗಿನ ಪೈಪು ಹುದುಗಿಸಲು ಕಂಬವನ್ನೇ ಕೆತ್ತುವ ಮಹಾನುಭಾವರಿದ್ದಾರೆ. ನನ್ನನ್ನು ಕೇಳಿದರೆ, ಹಾಲೋ ಪ್ಲಿಂಥ್‌ನಲ್ಲಿ ಒಂದು ಇಟ್ಟಿಗೆ ಇಡುವ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರಿಗೆ ಕೊಡುವ ಫೀಸೇ ಇಡೀ ಎಸ್ಟಿಮೇಟಿನ ಮೊದಲ ಸಾಲಾಗಬೇಕು. ನಾನು ನೋಡಿದ ಯಾವ ಕಂಕೋತ್ರಿಯಲ್ಲೂ ಆ ಸಾಲು ಇಲ್ಲ.

ಕಂಬಗಳ ಮೇಲೆ ಮನೆ ನಿಲ್ಲಿಸುವ ಈ ಚಟ ಎಲ್ಲಿಂದ ಬಂತು? ಕಾನೂನಿನಿಂದಲೇ. ಒಂದು ಸೈಟಿನಲ್ಲಿ ಇಷ್ಟೇ ಕಟ್ಟಬೇಕು ಎನ್ನುವ ಲೆಕ್ಕಕ್ಕೆ ಗುಜರಾತಿನಲ್ಲಿ ಎಫ್‌ಎಸ್‌ಐ ಎನ್ನುತ್ತಾರೆ, ನಮ್ಮಲ್ಲಿ ಎಫ್‌ಎಆರ್. ಅಹಮದಾಬಾದಿನ ಮುಖ್ಯ ವಸತಿ ವಲಯದಲ್ಲಿ ಅದು 1.8, ದುಡ್ಡು ಕಟ್ಟಿದರೆ 2.7ರವರೆಗೆ ಹೋಗಬಹುದು. ಪಾರ್ಕಿಂಗಿಗೆಂದು ಬಿಟ್ಟ ಜಾಗ ಈ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟುವವನಿಗೆ ಒಂದು ಇಡೀ ಅಂತಸ್ತು ಪುಕ್ಕಟೆ. ಆದರೆ ನೀವು ಅದಕ್ಕೆ ಗೋಡೆ ಕಟ್ಟಿ ಮಂಚ ಹಾಕಿದ ದಿನ ಅದು ಎಫ್‌ಎಸ್‌ಐ ಒಳಗೆ ಬಂದುಬಿಡುತ್ತದೆ, ಮತ್ತು ಬಹುಪಾಲು ಸೈಟುಗಳಲ್ಲಿ ಎಫ್‌ಎಸ್‌ಐ ಆಗಲೇ ಮುಗಿದಿರುತ್ತದೆ. ಗೋಡೆಗೆ ಇಟ್ಟಿಗೆ ಸಿಗುತ್ತದೆ, ಪರವಾನಗಿ ಸಿಗುವುದಿಲ್ಲ. ಮನೆ ಮಾರುವ ದಿನ ಕೊಳ್ಳುವವನ ವಕೀಲ ಪಾಸಾದ ನಕ್ಷೆ ಮತ್ತು ಬಿಯು, ಅಂದರೆ ಕಟ್ಟಡ ಬಳಕೆಯ, ಪರ್ಮಿಷನ್ ಮುಂದಿಟ್ಟುಕೊಂಡು ಕೂರುತ್ತಾನೆ. ನಕ್ಷೆಯಲ್ಲಿ ಪಾರ್ಕಿಂಗು, ಎದುರಿಗೆ ಬೆಡ್‌ರೂಮು. ಅಲ್ಲಿಂದ ಚೌಕಾಶಿ.

ಅದು ನಿಮ್ಮದೇ ಜಾಗ ಹೌದೋ ಅಲ್ಲವೋ ಎನ್ನುವುದೂ ಪ್ರಶ್ನೆ. 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಮುಂಬೈನ ಒಂದು ಸೊಸೈಟಿಯ ಪ್ರಕರಣದಲ್ಲಿ ಸ್ಟಿಲ್ಟ್ ಪಾರ್ಕಿಂಗ್ ಗ್ಯಾರೇಜಲ್ಲ, ಬಿಲ್ಡರು ಅದನ್ನು ಬೇರೆಯಾಗಿ ಮಾರುವಂತಿಲ್ಲ ಎಂದಿತು. 2016ರ ರೇರಾ ಕಾಯ್ದೆ ಇನ್ನೂ ಸ್ಪಷ್ಟ: ಸೂರು ಮತ್ತು ಮೂರು ಕಡೆ ಗೋಡೆ ಇದ್ದರೆ ಗ್ಯಾರೇಜು, ಇಲ್ಲದಿದ್ದರೆ ಅಲ್ಲ. ನಿಮ್ಮ ಫ್ಲ್ಯಾಟಿನ ನಂಬರು ಬಣ್ಣದಲ್ಲಿ ಬರೆದ ಎರಡು ಕಂಬಗಳ ನಡುವಿನ ಜಾಗದಲ್ಲಿ ಕಾರು ನಿಲ್ಲಿಸಬಹುದು, ಮಗಳ ಓದುಕೋಣೆ ಮಾಡುವಂತಿಲ್ಲ. ಟೆನಮೆಂಟಿನಲ್ಲೂ ಸೊಸೈಟಿಯ ಒಪ್ಪಿಗೆ ಬೇಕು. ಗುಜರಾತಿ ಸೊಸೈಟಿಗಳಲ್ಲಿ ಅಧ್ಯಕ್ಷರು ‘ಪ್ರಮುಖ್’, ಕಾರ್ಯದರ್ಶಿ ‘ಮಂತ್ರಿ’. ಹೊಸದಾಗಿ ಬಂದ ಕನ್ನಡಿಗರು “ಮಂತ್ರಿಗಳ ಸಹಿ ಬೇಕಂತೆ” ಎಂದು ಕೇಳಿ ಗಾಂಧಿನಗರಕ್ಕೆ ಹೋಗಬೇಕೇನೋ ಎಂದು ಗಾಬರಿಯಾಗುತ್ತಾರೆ. ಮಂತ್ರಿಗಳು ಸಂಜೆ ಬನಿಯನ್ನಿನಲ್ಲಿ ಗಿಡಕ್ಕೆ ನೀರು ಹಾಕುತ್ತಿರುತ್ತಾರೆ.

“ಎಲ್ಲರೂ ಮಾಡಿದಾರಲ್ಲ, ಆಮೇಲೆ ಇಂಪ್ಯಾಕ್ಟ್ ಫೀ ಕಟ್ಟಿದರಾಯಿತು” ಎನ್ನುವ ಮಾತು ಇಲ್ಲಿ ಸಾಮಾನ್ಯ. ಅನಧಿಕೃತ ಕಟ್ಟಡವನ್ನು ದುಡ್ಡು ಕಟ್ಟಿಸಿಕೊಂಡು ಸಕ್ರಮ ಮಾಡುವ ಕಾಯ್ದೆಯನ್ನು ಗುಜರಾತ್ 2001ರಲ್ಲಿ, ಮತ್ತೆ 2011ರಲ್ಲಿ, ಮತ್ತೆ 2022ರಲ್ಲಿ ತಂದಿದೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಷ್ಕರದ ಹಾಗೆ. 2022ರದರಲ್ಲಿ 50 ಚದರ ಮೀಟರ್‌ವರೆಗಿನ ಕಟ್ಟಡಕ್ಕೆ ಶುಲ್ಕ ಬರೀ 3,000 ರೂಪಾಯಿ; ಕೇಳಿದವರಿಗೆ ಗ್ಯಾರೇಜನ್ನು ಕೋಣೆ ಮಾಡುವುದು ಮಕ್ಕಳಾಟ ಎನ್ನಿಸಬೇಕು. ಆದರೆ ಪಾರ್ಕಿಂಗ್ ತಿಂದುಹಾಕಿದ್ದಕ್ಕೆ ಬೇರೆಯೇ ಲೆಕ್ಕವಿದೆ. ವಸತಿ ಕಟ್ಟಡವಾದರೆ ಕಡಿಮೆ ಬಿದ್ದ ಪಾರ್ಕಿಂಗಿಗೆ ಜಂತ್ರಿಯ, ಅಂದರೆ ಸರ್ಕಾರಿ ಮಾರ್ಗಸೂಚಿ ದರದ 15 ಪ್ರತಿಶತ, ವಾಣಿಜ್ಯವಾದರೆ 30. ಆ ಜಂತ್ರಿಯೂ 2023ರ ಏಪ್ರಿಲ್ 15ರಿಂದ ಒಂದೇ ಏಟಿಗೆ ಎರಡು ಪಟ್ಟಾಯಿತು. ಚದರ ಮೀಟರಿಗೆ 30,000 ಜಂತ್ರಿ ಇದೆ ಎಂದಿಟ್ಟುಕೊಳ್ಳಿ. ಒಂದು ಕಾರು ನಿಲ್ಲುವ 12.5 ಚದರ ಮೀಟರಿಗೆ 56,250 ರೂಪಾಯಿ. ಮುಖ್ಯ ಮಾತು ಬೇರೆ ಇದೆ. ಈ ರಿಯಾಯಿತಿ 2022ರ ಅಕ್ಟೋಬರ್ 1ಕ್ಕಿಂತ ಮೊದಲು ಕಟ್ಟಿದ್ದಕ್ಕೆ ಮಾತ್ರ. ಇವತ್ತು ಶಟರ್ ಕಿತ್ತವರು ಮುಂದಿನ ಪುಷ್ಕರಕ್ಕೆ ಕಾಯಬೇಕು.

ನಾವು ನಗುವಂತಿಲ್ಲ. ಕರ್ನಾಟಕದ ಅಕ್ರಮ–ಸಕ್ರಮ 2007ರಿಂದ ತೂಗುಯ್ಯಾಲೆ ಆಡಿ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಯ ಹಗ್ಗಕ್ಕೆ ಸಿಕ್ಕಿಕೊಂಡು ನಿಂತಿತು. ಗುಜರಾತಿನಲ್ಲಿ ಕೊನೇಪಕ್ಷ ದರಪಟ್ಟಿಯಾದರೂ ಸಿಗುತ್ತದೆ. ಆದರೆ ನಕ್ಷೆಯಂತೆ ಕಟ್ಟಿ, ಕಾರು ಗ್ಯಾರೇಜಿನಲ್ಲಿ ನಿಲ್ಲಿಸಿ, ತಾಯಿಯನ್ನು ಹಾಲಿನಲ್ಲಿ ಮಲಗಿಸಿದವನಿಗೆ ಪ್ರತಿ ಸಲ ಇಂಥ ಕಾಯ್ದೆ ಬಂದಾಗಲೂ ಮೂರ್ಖನಾದೆನೇ ಎನ್ನಿಸದಿರದು.

ಅಮೆರಿಕದಲ್ಲಿ ಗಾಳಿ ಉಲ್ಟಾ ಬೀಸುತ್ತಿದೆ. ಮನೆಗಳ ಬರಗಾಲವಿರುವ ಕ್ಯಾಲಿಫೋರ್ನಿಯಾದಲ್ಲಿ ಗ್ಯಾರೇಜನ್ನು ವಾಸದ ಮನೆ ಮಾಡಿಕೊಳ್ಳಿ ಎಂದು ಕಾನೂನೇ ಕೈಹಿಡಿದು ಕರೆಯುತ್ತದೆ. 2020ರಿಂದ, ಹೋದ ಪಾರ್ಕಿಂಗಿಗೆ ಬದಲಿ ಜಾಗ ತೋರಿಸಿ ಎಂದು ಊರಾಡಳಿತ ಕೇಳುವಂತೆಯೂ ಇಲ್ಲ. ಬೇ ಏರಿಯಾದ ಕನ್ನಡಿಗರು ಆರು ತಿಂಗಳಿಗೆ ಬರುವ ಅಪ್ಪ ಅಮ್ಮನಿಗೆ ಇದೇ ಉಪಾಯ ಮಾಡುತ್ತಾರೆ. ಅಲ್ಲಿ ಮರದ ಒಂದಂತಸ್ತಿನ ಮನೆ, ಅಗಲ ರಸ್ತೆ. ಘಾಟ್ಲೋಡಿಯಾದ ಸೊಸೈಟಿಯಲ್ಲಿ ಒಂದು ಕಾರು ಹೊರಗೆ ಬಂದರೆ ಎದುರಿನವರ ಕಾರು ತಿರುಗುವುದಿಲ್ಲ, ಶಾಲೆಯ ವ್ಯಾನು ಬರುವುದಿಲ್ಲ.

ಹಾಗೆಂದು ಜಾಗದ ವೇಷ ಬದಲಿಸುವುದೇ ತಪ್ಪು ಎಂದೇನೂ ಅಲ್ಲ. ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿದ್ದ ನಮ್ಮ ಅದಮಾರಿನ ಯು.ಆರ್. ರಾವ್ 1972ರಲ್ಲಿ ಉಪಗ್ರಹದ ಕೆಲಸವನ್ನು ಬೆಂಗಳೂರಿಗೆ ತಂದಾಗ ಆರ್ಯಭಟ ತಯಾರಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದರ ಮಾಹಿತಿ ಹಿಡಿಯುವ ಕೇಂದ್ರಕ್ಕೆ ಒಂದು ಶೌಚಾಲಯವನ್ನೇ ಬಳಸಿಕೊಂಡೆವೆಂದು ಇಸ್ರೊ ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಇದೇ ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ 1973ರಲ್ಲಿ ಜೀವವಿಮಾ ನಿಗಮಕ್ಕೆ ಬಿಮಾನಗರ ಎಂಬ ಬಡಾವಣೆ ಕಟ್ಟಿಕೊಟ್ಟರು. ಒಂದರ ಮೇಲೊಂದು ಮೂರು ಮನೆ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ. ಕೆಳಗಿನವರಿಗೆ ಅಂಗಳ, ಮೇಲಿನವರಿಗೆ ತಾರಸಿ. ಸಂಸಾರ ಬೆಳೆದಂತೆ ಮನೆಯೂ ಬೆಳೆಯುತ್ತದೆ ಎನ್ನುವುದು ಅವರ ಎಣಿಕೆಯಲ್ಲೇ ಇತ್ತು. ಜನ ಬಾಲ್ಕನಿಗೆ ಗೋಡೆ ಕಟ್ಟಿದರು, ತಾರಸಿಯಲ್ಲಿ ಕೋಣೆ ಎಬ್ಬಿಸಿದರು, ಮೂಲ ಮುಖವೇ ಕಾಣದಷ್ಟು ಬದಲಿಸಿದರು. ದೋಶಿಯವರು ಅದನ್ನು ನೋಡಿ ಖುಷಿಪಟ್ಟರು. ಕಟ್ಟುವಾಗಲೇ ಬಿಟ್ಟ ಸಂದಿನಲ್ಲಿ ಕೋಣೆ ಬೆಳೆಯುವುದಕ್ಕೂ, ಕಾರಿಗೆಂದು ಅಳೆದ ಎಂಟೂವರೆ ಅಡಿಯಲ್ಲಿ ಮನುಷ್ಯರನ್ನು ತುರುಕುವುದಕ್ಕೂ ಇರುವ ವ್ಯತ್ಯಾಸ ಖರ್ಚಿನಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಇಷ್ಟು ವರ್ಷ ಇಲ್ಲಿದ್ದ ಮೇಲೆ. ಗುಜರಾತಿನ ಪಾರ್ಕಿಂಗು ಯಾವತ್ತೂ ಬರೀ ಪಾರ್ಕಿಂಗು ಆಗಿರಲೇ ಇಲ್ಲ. ಯಾರಾದರೂ ತೀರಿಕೊಂಡರೆ ‘ಬೇಸ್ಣು’ ನಡೆಯುವುದು ಹಾಲೋ ಪ್ಲಿಂಥ್‌ನಲ್ಲಿ. ಕಾರು ಸ್ಕೂಟರುಗಳನ್ನು ಹೊರಗೆ ತಳ್ಳಿ, ಬಿಳಿ ಜಮಖಾನ ಹಾಸಿ, ಫೋಟೋಗೆ ಹಾರ ಹಾಕಿ ಎರಡು ಗಂಟೆ ಮೌನವಾಗಿ ಕೂರುತ್ತಾರೆ. ಮದುವೆಯ ಅರಿಸಿನ ಹಚ್ಚುವುದು ಅಲ್ಲೇ, ಮಳೆ ಬಂದ ನವರಾತ್ರಿಯ ರಾತ್ರಿ ಗರ್ಬಾ ಅಲ್ಲೇ, ಬೇಸಿಗೆಯಲ್ಲಿ ಹೆಂಗಸರು ಸಾಲಾಗಿ ಕೂತು ಹಪ್ಪಳ ಲಟ್ಟಿಸುವುದೂ ಅಲ್ಲೇ. ಸೂರತ್ತಿನ ವರಾಛಾದ ರೋ ಹೌಸುಗಳ ಮುಂದೆ ಮಧ್ಯಾಹ್ನ ಹೋದರೆ ಕಾರಿನ ಜಾಗದಲ್ಲಿ ನಾಲ್ಕಾರು ಹೆಂಗಸರು ಸೀರೆಗೆ ಹರಳು ಅಂಟಿಸುತ್ತಿರುತ್ತಾರೆ; ಸಂಜೆ ಗಂಡಸರು ಬರುವ ಹೊತ್ತಿಗೆ ಗಂಟು ಕಟ್ಟಿ ಎದ್ದುಬಿಡುತ್ತಾರೆ. ಗೋಡೆ ಇಲ್ಲದ್ದರಿಂದಲೇ ಇದೆಲ್ಲ ನಡೆಯುತ್ತದೆ. ಒಬ್ಬರು ಗೋಡೆ ಕಟ್ಟಿಕೊಂಡರೆ ಅವರಿಗೆ ಒಂದು ಕೋಣೆ ಸಿಗುತ್ತದೆ, ಉಳಿದ ಹದಿನೈದು ಮನೆಗಳ ಬೇಸ್ಣು ರಸ್ತೆಗೆ ಬರುತ್ತದೆ.

ಘಾಟ್ಲೋಡಿಯಾದ ಮನೆಯವರು ಕಂಕೋತ್ರಿಯನ್ನು ಎರಡು ವಾರ ಫ್ರಿಜ್ಜಿನ ಮೇಲೆ ಇಟ್ಟುಕೊಂಡರು. ಎತ್ತರದ ಲೆಕ್ಕ, ಚರಂಡಿಯ ಇಳಿಜಾರು, ಮಂತ್ರಿಗಳ ಮುಖಭಾವ ಎಲ್ಲ ಸೇರಿ ಕೊನೆಗೆ ಬೇರೆ ದಾರಿ ಹಿಡಿದರು. ಮೆಟ್ಟಿಲ ಕೆಳಗಿದ್ದ ಇಕ್ಕಟ್ಟಿನ ಶೌಚಾಲಯವನ್ನು ಒಂದೂವರೆ ಅಡಿ ಅಗಲ ಮಾಡಿ, ಗೋಡೆಗೆ ಹಿಡಿಕೆ ಹಾಕಿಸಿ, ಜಾರದ ಟೈಲ್ಸು ಕೂರಿಸಿದ್ದಕ್ಕೆ 85,000. ಚೇಂಬರು ಅಲ್ಲೇ ಹಿಂದೆ ಇದ್ದುದರಿಂದ ಪೈಪಿನ ರಗಳೆ ಬರಲಿಲ್ಲ. ಊಟದ ಮೇಜನ್ನು ಮಾರಿ, ಆ ಜಾಗಕ್ಕೆ ಸರಿಯುವ ಪಾರ್ಟಿಷನ್ ಹಾಕಿ ಅಜ್ಜಿಯ ಮಂಚ ಇಟ್ಟದ್ದಕ್ಕೆ 30,000. ಗ್ಯಾರೇಜಿಗೆ ಮಾಡಿದ್ದು ಒಂದೇ ಕೆಲಸ: ತಗಡಿನ ಶಟರ್ ತೆಗೆದು ಗಾಳಿಯಾಡುವ ಜಾಲಿ ಗೇಟು, 26,000. ಒಟ್ಟು 1,41,000. ನೆಲದ ಕೋಟಾ ಕಲ್ಲು ಹಾಗೇ ಇದೆ. ಬೇಸಿಗೆಯಲ್ಲಿ ಅದರಷ್ಟು ತಂಪು ಯಾವ ಟೈಲ್ಸಿಗೂ ಇಲ್ಲ.

ಹೋದ ಡಿಸೆಂಬರಿನಲ್ಲಿ ಮತ್ತೆ ಹೋಗಿದ್ದೆ. ಕಾರು ತೆಗೆದುಕೊಂಡು ಮೊಮ್ಮಗ ಆಫೀಸಿಗೆ ಹೋದ ಕೂಡಲೇ ಗ್ಯಾರೇಜಿಗೆ ಇಳಿಯಲು ಒಂದು ಮರದ ಇಳಿಜಾರು ಹಲಗೆ ಹಾಕುತ್ತಾರೆ. ಅಜ್ಜಿ ಸೊಸೆಯ ಕೈ ಹಿಡಿದು ಇಳಿದು, ಬೆತ್ತದ ಕುರ್ಚಿಯಲ್ಲಿ ಕೂತು, ಎದುರುಮನೆಯ ಗುಜರಾತಿ ಮುದುಕಿಯ ಜೊತೆ ಹಸಿ ತೊಗರಿಕಾಯಿ ಸುಲಿಯುತ್ತಾರೆ. ಇವರಿಗೆ ಗುಜರಾತಿ ಬಾರದು, ಅವರಿಗೆ ಕನ್ನಡ ಬಾರದು. ಮಾತು ನಿಲ್ಲುವುದೂ ಇಲ್ಲ. ಸಂಜೆ ಆರೂವರೆಗೆ ಗೇಟಿನ ಹತ್ತಿರ ಹಾರ್ನು ಕೇಳಿತು. ಅಜ್ಜಿ ಸೆರಗಿನಲ್ಲಿದ್ದ ಸಿಪ್ಪೆ ಕೊಡವಿ, ಎದ್ದೇಳಲು ಸೊಸೆಯ ಕಡೆ ಕೈ ಚಾಚಿದರು.

“ಬಂದ್ರು ನೋಡವಾ, ಜಾಗಾದ ಮಾಲಕರು.”